ಬೇವಿನೆಣ್ಣೆ ಮತ್ತು ಒಂದೇ ಒಂದು ವಾಕ್ಯ

ಈ ಸಲ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮೂರು ವಿರೂಪಾಕ್ಷಿಪುರ. ಚನ್ನಪಟ್ಟಣ ತಾಲ್ಲೂಕಿನ ಒಂದು ಹೋಬಳಿ. ತೆಂಗು, ರಾಗಿ, ಮಾವು, ರೇಷ್ಮೆ... ಇಷ್ಟು ಹೇಳಿದರೆ ನಮ್ಮ ಕಡೆಯ ಊರುಗಳ ಬಗ್ಗೆ ಹೆಚ್ಚು ಕಡಿಮೆ ಎಲ್ಲ ಹೇಳಿದ ಹಾಗೆ. ಬೆಳಿಗ್ಗೆ ಬೇವು ಬೆಲ್ಲ ತಿಂದು, ಮಧ್ಯಾಹ್ನ ಒಬ್ಬಟ್ಟು ತಿಂದು, ಸಂಜೆ ಕೆಲಸವಿಲ್ಲದೆ ಅರಳಿಕಟ್ಟೆ ಮೇಲೆ ಕೂತಿದ್ದೆ. ಅಲ್ಲಿಗೆ ಬಂದವನು ನನ್ನ ಹೈಸ್ಕೂಲಿನ ಗೆಳೆಯ. ನಾನು ಇಂಜಿನಿಯರಿಂಗ್ ಸೇರಿದಾಗ ಅವನು ಬಿ.ಎಸ್ಸಿ. ಸೇರಿದ, ಆಮೇಲೆ ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದ. ಒಂದೆರಡು ವರ್ಷ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ನೈಟ್ ಶಿಫ್ಟ್ ಮಾಡಿ ಸಾಕಾಗಿ, ಈಗ ಬೆಂಗಳೂರಿನಲ್ಲಿ ಪೇಟೆಂಟ್ ಏಜೆಂಟ್.

ಮಾತಿನ ಮಧ್ಯೆ ನಾನು ತಲೆ ಮೇಲಿದ್ದ ಬೇವಿನ ಮರ ತೋರಿಸಿ, "ಇದನ್ನೂ ಅಮೆರಿಕಾದವರು ಪೇಟೆಂಟ್ ಮಾಡಿಸ್ಕೊಂಡಿದ್ರಂತಲ್ಲ ಮಗಾ" ಅಂದೆ. ಅವನು ನಕ್ಕ. "ಮರಾನ ಯಾರೂ ಪೇಟೆಂಟ್ ಮಾಡಿಸಿರಲಿಲ್ಲ ಕಣೋ. ಒಂದು ವಾಕ್ಯ ಮಾಡಿಸಿದ್ರು. ಆ ವಾಕ್ಯ ಬೀಳಿಸೋಕೆ ಹತ್ತು ವರ್ಷ ಆಯ್ತು."

ಆಮೇಲೆ ಅವನು ಕೇಳಿದ ಪ್ರಶ್ನೆ ಇನ್ನೂ ನನ್ನ ತಲೆಯಲ್ಲಿ ಕೊರೀತಾ ಇದೆ. "ನಿಮ್ಮಜ್ಜಿ ಬೇವಿನ ಬೀಜದಲ್ಲಿ ಏನೋ ಮಾಡ್ತಿದ್ರಲ್ಲ, ಅದನ್ನ ಎಲ್ಲಾದ್ರೂ ಬರ್ದಿಟ್ಟಿದ್ದೀಯಾ? ತಾರೀಕು ಹಾಕಿ?"

ಇಲ್ಲ. ಅಜ್ಜಿ ತೀರಿಕೊಂಡು ಕೆಲವು ವರ್ಷವಾಯಿತು. ನಾನು ಬರೆದಿಟ್ಟಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಎರಡು ಮೂರು ವೀಕೆಂಡ್ ಕೂತು ಆ ವಾಕ್ಯದ ಕತೆ ಓದಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಒಂದು ಲೋಟ ಕಾಫಿ ಇಟ್ಟುಕೊಂಡು ಓದಿ :-)

ಮೊದಲು ಗೆಳೆಯನ ಕೆಲಸದ ಬಗ್ಗೆ

"ಪೇಟೆಂಟ್ ಅಟಾರ್ನಿ" ಅಂತ ನಾವೆಲ್ಲ ಹೇಳುತ್ತೇವೆ. ನಮ್ಮ ಕಾನೂನಿನಲ್ಲಿ ಆ ಹೆಸರಿನ ಹುದ್ದೆ ಇಲ್ಲ, ಇರುವುದು "ಪೇಟೆಂಟ್ ಏಜೆಂಟ್". ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ ಅಥವಾ ಇಂಜಿನಿಯರಿಂಗ್ ಡಿಗ್ರಿ ಇರಬೇಕು, ಪೇಟೆಂಟ್ ಕಚೇರಿ ನಡೆಸುವ ಪರೀಕ್ಷೆ ಪಾಸು ಮಾಡಬೇಕು. ವಕೀಲನಾಗಿರಲೇಬೇಕು ಅಂತೇನಿಲ್ಲ. ತಮಾಷೆ ಅಂದರೆ ಬರೀ ಲಾ ಓದಿದವನು ಈ ಪರೀಕ್ಷೆಗೆ ಕೂರುವ ಹಾಗಿಲ್ಲ. ಬೆಂಗಳೂರಿನಲ್ಲಿ ಇಷ್ಟೊಂದು ಕಂಪನಿಗಳಿದ್ದರೂ ಪೇಟೆಂಟ್ ಕಚೇರಿ ಮಾತ್ರ ಇಲ್ಲ. ಕೋಲ್ಕತ್ತ, ದೆಹಲಿ, ಮುಂಬೈ, ಚೆನ್ನೈ, ಈ ನಾಲ್ಕರಲ್ಲಿ ಕರ್ನಾಟಕ ಬರುವುದು ಚೆನ್ನೈ ಕೈಕೆಳಗೆ.

ಈ ಕೆಲಸ ನಮ್ಮ ದೇಶದಲ್ಲಿ ಹಳೆಯದು. 1856ರಲ್ಲಿ ಬ್ರಿಟಿಷರು ಮೊದಲ ಕಾನೂನು ಮಾಡಿದಾಗ ಮೊದಲ ಅರ್ಜಿ ಹಾಕಿದವನು ಕಲ್ಕತ್ತೆಯ ಸಿವಿಲ್ ಇಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್. ಯಾವುದಕ್ಕೆ ಗೊತ್ತಾ? ಪಂಖ ಎಳೆಯುವ ಯಂತ್ರಕ್ಕೆ! ಸಾಹೇಬರ ತಲೆ ಮೇಲೆ ಬೀಸಣಿಗೆ ಎಳೆಯುತ್ತಾ ಕೂತಿರುತ್ತಿದ್ದ ಬಡಪಾಯಿಯ ಜಾಗಕ್ಕೆ ಒಂದು ಯಂತ್ರ. ಅವನ ಹೆಸರಿನ ಪೇಟೆಂಟ್ ಸಂಸ್ಥೆ ಇವತ್ತಿಗೂ ಇದೆ.

ಕೆಮಿಸ್ಟ್ರಿ ಓದಿದವರಿಗೆ ಇಲ್ಲಿ ಬೇಡಿಕೆ ಯಾಕೆ ಅನ್ನುವುದಕ್ಕೂ ಒಂದು ಇತಿಹಾಸ ಇದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತದ ಪೇಟೆಂಟುಗಳಲ್ಲಿ ಬಹುಪಾಲು ವಿದೇಶೀಯರ ಕೈಯಲ್ಲಿದ್ದವು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ 1970ರ ಪೇಟೆಂಟ್ ಕಾಯ್ದೆ ಬಂತು, 1972ರ ಏಪ್ರಿಲ್ 20ರಿಂದ ಜಾರಿಯಾಯಿತು. ಅದರ ಪ್ರಕಾರ ಔಷಧಿಗೆ, ಆಹಾರಕ್ಕೆ, ರಾಸಾಯನಿಕಗಳಿಗೆ ಪೇಟೆಂಟ್ ಸಿಗುತ್ತಿದ್ದದ್ದು ಮಾಡುವ ವಿಧಾನಕ್ಕೆ ಮಾತ್ರ, ವಸ್ತುವಿಗೆ ಅಲ್ಲ. ಅಂದರೆ ಅದೇ ಮಾತ್ರೆಯನ್ನು ನೀನು ಬೇರೆ ದಾರಿಯಲ್ಲಿ ಮಾಡಿದರೆ ತಪ್ಪಿಲ್ಲ. ನಮ್ಮ ಔಷಧಿ ಕಂಪನಿಗಳು ಬೆಳೆದದ್ದು ಆ ಬೇರೆ ದಾರಿ ಹುಡುಕಿಯೇ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಿಂದಾಗಿ 2005ರ ಜನವರಿ 1ರಿಂದ ವಸ್ತುವಿಗೂ ಪೇಟೆಂಟ್ ಬಂತು. ಅಲ್ಲಿಂದ ಅಣುವಿನ ಚಿತ್ರ ನೋಡಿ ಕಾನೂನು ಮಾತಾಡಬಲ್ಲವರ ಅಗತ್ಯ ಇನ್ನೂ ಹೆಚ್ಚಾಯಿತು.

"ದಿನಾ ಏನ್ ಮಾಡ್ತೀಯ?" ಅಂತ ಕೇಳಿದ್ದಕ್ಕೆ ಅವನು ಹೇಳಿದ್ದು ಹೀಗೆ. ಪೇಟೆಂಟ್ ದಸ್ತಾವೇಜು ಎಷ್ಟೇ ಪುಟ ಇರಲಿ, ಜೀವ ಇರುವುದು ಕೊನೆಯಲ್ಲಿ ಬರುವ "ಕ್ಲೇಮ್"ಗಳಲ್ಲಿ. ಪ್ರತಿ ಕ್ಲೇಮೂ ಒಂದೇ ವಾಕ್ಯ. ಎಷ್ಟೇ ಉದ್ದವಾದರೂ ಮಧ್ಯೆ ಫುಲ್ ಸ್ಟಾಪ್ ಇಡುವ ಹಾಗಿಲ್ಲ. ಆ ವಾಕ್ಯದೊಳಗೆ ಬಂದದ್ದು ಒಡೆಯನದ್ದು, ಹೊರಗಿರುವುದು ಎಲ್ಲರದ್ದು. ಜಮೀನಿಗೆ ಚೆಕ್ಕುಬಂದಿ ಬರೆಯುತ್ತಾರಲ್ಲ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಅಂತ, ಹಾಗೆ. ಒಂದು ಕಡೆ ಅವನು ಈ ಚೆಕ್ಕುಬಂದಿ ಬರೆಯುತ್ತಾನೆ. ಇನ್ನೊಂದು ಕಡೆ ಬೇರೆಯವರು ಬರೆದದ್ದರಲ್ಲಿ ಗೋಮಾಳವನ್ನೇನಾದರೂ ಒಳಗೆ ಸೇರಿಸಿಕೊಂಡಿದ್ದಾರಾ ಅಂತ ನೋಡುತ್ತಾನೆ. ಎರಡನೆಯ ಕೆಲಸಕ್ಕೆ ಬೇಕಾದದ್ದು ಸಾಕ್ಷಿ. "ಇದು ಮೊದಲೇ ಇತ್ತು" ಅನ್ನುವ ಸಾಕ್ಷಿ.

ಅಜ್ಜಿಯ ಬೇವು

ನಮ್ಮಜ್ಜಿ ಬೇವಿನ ಹಣ್ಣು ಉದುರುವ ಕಾಲಕ್ಕೆ ಮಕ್ಕಳನ್ನೆಲ್ಲ ಕಟ್ಟಿಕೊಂಡು ಬೀಜ ಆರಿಸುತ್ತಿದ್ದರು. ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯೆಲ್ಲ ನೀರಲ್ಲಿ ನೆನೆ ಹಾಕುತ್ತಿದ್ದರು. ಬೆಳಿಗ್ಗೆ ಹಿಂಡಿ, ಅದಕ್ಕೆ ಅಂಟುವಾಳದ ನೊರೆ ಬೆರೆಸಿ, ಪೊರಕೆ ಅದ್ದಿ ಬದನೆ ಗಿಡಕ್ಕೂ ಅವರೆ ಗಿಡಕ್ಕೂ ಎರಚುವುದು. ಗಾಣದಿಂದ ಬೇವಿನೆಣ್ಣೆ ತಂದಿದ್ದರೆ ಅದನ್ನೂ ಅದೇ ನೊರೆಯಲ್ಲಿ ಕದಡಿ, ಬೂದಿ ರೋಗ ಬಂದ ಕುಂಬಳದ ಎಲೆಗೆ ಬಳಿಯುತ್ತಿದ್ದರು. ಉಳಿದ ಹಿಂಡಿ ತೆಂಗಿನ ಬುಡಕ್ಕೆ. ಅವರೆಕಾಳು ತುಂಬಿದ ಗುಡಾಣದಲ್ಲಿ ಒಣಗಿದ ಬೇವಿನ ಸೊಪ್ಪು.

ಒಂದೇ ಒಂದು ಕಟ್ಟಳೆ ಇತ್ತು. ಹಿಪ್ಪುನೇರಳೆ ತೋಟದ ಹತ್ತಿರ ಇದನ್ನು ತರುವ ಹಾಗಿಲ್ಲ. ನಾನು ಒಂದು ಸಲ ಬೇವಿನ ನೀರು ಮುಟ್ಟಿದ ಕೈಯಲ್ಲೇ ರೇಷ್ಮೆ ಹುಳದ ತಟ್ಟೆಗೆ ಕೈ ಹಾಕಿದ್ದಕ್ಕೆ ಬೆನ್ನಿಗೆ ಬಿದ್ದಿತ್ತು. "ಆ ಕೈಲಿ ಸೊಪ್ ಮುಟ್ಬ್ಯಾಡ ಕಣ್ಲಾ, ಹುಳ ಮೇಯೋದ್ ಬುಟ್ಬುಡ್ತವೆ!"

ಹುಳ ಸಾಯುತ್ತವೆ ಅಂತ ಅಜ್ಜಿ ಹೇಳಲಿಲ್ಲ. ಮೇಯುವುದು ಬಿಡುತ್ತವೆ ಅಂದರು. ಈ ವ್ಯತ್ಯಾಸ ನನಗೆ ಆಗ ತಿಳಿದಿರಲಿಲ್ಲ. ಈಗ ಓದುವಾಗ ಮೈ ಜುಮ್ಮೆಂದಿತು. ಯಾಕೆಂದರೆ ವಿಜ್ಞಾನಿಗಳು ಬೇವಿನಲ್ಲಿ ಕಂಡುಕೊಂಡದ್ದೂ ಮೊದಲು ಇದನ್ನೇ. 1959ರಲ್ಲಿ ಸುಡಾನಿನಲ್ಲಿ ಮಿಡತೆ ದಾಳಿಯಾದಾಗ ಹೈನ್ರಿಚ್ ಶ್ಮುಟರರ್ ಎಂಬ ಜರ್ಮನ್ ಕೀಟಶಾಸ್ತ್ರಜ್ಞ, ಸುತ್ತಲಿನ ಹಸಿರೆಲ್ಲ ಬೋಳಾದರೂ ಬೇವಿನ ಮರ ಹಾಗೇ ಉಳಿದದ್ದನ್ನು ನೋಡಿದ. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪ್ರಧಾನ್ ಮತ್ತು ಜೊತೆಯವರು ಬೇವಿನ ಬೀಜ ಅರೆದ ನೀರನ್ನು ಬೆಳೆಗೆ ಸಿಂಪಡಿಸಿ ನೋಡಿದರು. ಮಿಡತೆ ಬಂದು ಕೂತವು, ತಿನ್ನಲಿಲ್ಲ. 1968ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಇದಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸಿದರು. ಅದೇ ಅಜಾಡಿರಾಕ್ಟಿನ್. ಅದರ ಅಣು ಎಷ್ಟು ಜಟಿಲ ಅಂದರೆ ಕೇಂಬ್ರಿಡ್ಜಿನ ಸ್ಟೀವನ್ ಲೇ ತಂಡಕ್ಕೆ ಲ್ಯಾಬಿನಲ್ಲಿ ಅದನ್ನು ಕಟ್ಟುವುದಕ್ಕೆ 22 ವರ್ಷ ಬೇಕಾಯಿತು, 2007ರವರೆಗೆ.

ತುಮಕೂರಿಗೆ ಬಂದ ಅಮೆರಿಕಾ

ಇನ್ನು ಪೇಟೆಂಟ್ ಕತೆ. 1970ರ ದಶಕದ ಆರಂಭದಲ್ಲಿ ರಾಬರ್ಟ್ ಲಾರ್ಸನ್ ಎಂಬ ಅಮೆರಿಕಾದ ಮರದ ವ್ಯಾಪಾರಿ ಭಾರತಕ್ಕೆ ಬರುತ್ತಿದ್ದ. ಇಲ್ಲಿನವರು ಬೇವನ್ನು ಬಳಸುವುದು ನೋಡಿ ಬೀಜ ತರಿಸಿಕೊಂಡ. ವರ್ಷಗಟ್ಟಲೆ ಪ್ರಯೋಗ ಮಾಡಿಸಿ "ಮಾರ್ಗೋಸಾನ್-ಓ" ಎಂಬ ಕೀಟನಾಶಕ ಮಾಡಿದ. 1985ರಲ್ಲಿ ಅದಕ್ಕೆ ಅಮೆರಿಕಾ ಸರ್ಕಾರದ ಅನುಮತಿ ಸಿಕ್ಕಿತು, ಪೇಟೆಂಟೂ ಸಿಕ್ಕಿತು. 1988ರಲ್ಲಿ ಎಲ್ಲವನ್ನೂ ಡಬ್ಲ್ಯು.ಆರ್. ಗ್ರೇಸ್ ಎಂಬ ದೊಡ್ಡ ರಾಸಾಯನಿಕ ಕಂಪನಿಗೆ ಮಾರಿದ.

ಗ್ರೇಸ್ ಕಂಪನಿಗೆ ಬೀಜ ಬೇಕಿತ್ತು. ಬೀಜ ಇದ್ದದ್ದು ಇಲ್ಲಿ. 1990ರ ದಶಕದ ಆರಂಭದಲ್ಲಿ ಅದು ಪಿ.ಜೆ. ಮಾರ್ಗೋ ಎಂಬ ಭಾರತೀಯ ಸಂಸ್ಥೆಯ ಜೊತೆ ಸೇರಿ ಕಾರ್ಖಾನೆ ತೆರೆದದ್ದು ನಮ್ಮ ತುಮಕೂರಿನಲ್ಲಿ! ದಿನಕ್ಕೆ 20 ಟನ್ ಬೀಜ ಅರೆಯುವ ಸಾಮರ್ಥ್ಯ. ಕುಣಿಗಲ್ ಮೇಲೆ ಹೋದರೆ ನಮ್ಮೂರಿಂದ ತುಮಕೂರು ದೂರವೇನಲ್ಲ. ಟನ್ನಿಗೆ 300 ರೂಪಾಯಿ ಇದ್ದ ಬೇವಿನ ಬೀಜ ಮೂರು ನಾಲ್ಕು ಸಾವಿರಕ್ಕೆ ಏರಿತು, ಪುಕ್ಕಟೆ ಸಿಗುತ್ತಿದ್ದದ್ದು ಬಡವರ ಕೈಗೆ ಎಟುಕದಾಯಿತು ಅಂತ ಚಳವಳಿಯವರು ಬರೆದರು. ಬೀಜ ಆರಿಸಿ ಮಾರಿದವರಿಗೆ ನಾಲ್ಕು ಕಾಸು ಸಿಕ್ಕಿತು ಅಂತ ಕಂಪನಿಯ ಪರ ಇದ್ದವರು ವಾದಿಸಿದರು. ಎರಡೂ ನಿಜ ಇರಬಹುದು ಅನ್ನಿಸುತ್ತದೆ ನನಗೆ.

ಆ ಕಾಲ ನೆನಪಿರುವ ಹಿರಿಯರಿಗೆ "ಡಂಕೆಲ್" ಅನ್ನುವ ಹೆಸರು ಮರೆತಿರಲಿಕ್ಕಿಲ್ಲ. ಗ್ಯಾಟ್ ಒಪ್ಪಂದದ ಕರಡು ಬಂದದ್ದು 1991ರ ಕೊನೆಯಲ್ಲಿ. ಕಾನೂನು ಪ್ರಾಧ್ಯಾಪಕರಾಗಿದ್ದ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದರ ವಿರುದ್ಧ ಬೀದಿಗಿಳಿಯಿತು. 1992ರ ಡಿಸೆಂಬರ್ 29ರಂದು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದ ರೈತರು ಕಡತಗಳನ್ನು ಹೊರಗೆ ತಂದು ಸುಟ್ಟರು. 1993ರಲ್ಲಿ ಶುರುವಾದ ಬೇವಿನ ಚಳವಳಿಯಲ್ಲೂ ರೈತ ಸಂಘ ಮುಂದೆ ಇತ್ತು. ಹಳ್ಳಿಯ ರೈತರು "ಪೇಟೆಂಟ್" ಅನ್ನುವ ಪದವನ್ನು ಘೋಷಣೆಯಲ್ಲಿ ಕೂಗಿದ್ದು ಕರ್ನಾಟಕದಲ್ಲಿ ಆಗಲೇ ಇರಬೇಕು.

ಆದರೆ ಇಲ್ಲೊಂದು ಮಾತು ಹೇಳಬೇಕು. ಬೇವಿನ ಬೀಜ ನೆನೆಸಿದ್ದಕ್ಕೆ ನಮ್ಮಜ್ಜಿಯನ್ನು ಯಾವ ಪೇಟೆಂಟೂ ಹಿಡಿಯುವ ಹಾಗಿರಲಿಲ್ಲ. ಪೇಟೆಂಟ್ ಕೊಟ್ಟ ದೇಶದ ಗಡಿಯೊಳಗೆ ಮಾತ್ರ ಅದಕ್ಕೆ ಬೆಲೆ. ಅಮೆರಿಕಾದ ಪೇಟೆಂಟ್ ವಿರೂಪಾಕ್ಷಿಪುರದಲ್ಲಿ ಬರೀ ಕಾಗದ. ಇನ್ನೊಂದು, ಅಮೆರಿಕಾದಲ್ಲಿ ಗ್ರೇಸ್ ಪಡೆದ ಮುಖ್ಯ ಪೇಟೆಂಟ್ ಇದ್ದದ್ದು ಅಜಾಡಿರಾಕ್ಟಿನ್ ಕೆಡದಂತೆ ಬಾಟಲಿಯಲ್ಲಿ ಬಹುಕಾಲ ಇಡುವುದರ ಬಗ್ಗೆ. ಬಿಸಿಲಿಗೆ, ನೀರಿಗೆ ಅದು ಬೇಗ ಹಾಳಾಗುತ್ತದೆ. ಅಜ್ಜಿಗೆ ಆ ಸಮಸ್ಯೆಯೇ ಇರಲಿಲ್ಲ, ರಾತ್ರಿ ನೆನೆಸಿದ್ದು ಬೆಳಿಗ್ಗೆ ಖಾಲಿ. ಅಂಗಡಿಯಲ್ಲಿ ಇಟ್ಟು ಮಾರುವವನಿಗೆ ಮಾತ್ರ ಅದು ಸಮಸ್ಯೆ. ಹಾಗಾಗಿ ಅದರಲ್ಲಿ ಹೊಸತೇನೂ ಇಲ್ಲ ಅಂತ ಸಾಧಿಸುವುದು ಸುಲಭವಿರಲಿಲ್ಲ. 1995ರಲ್ಲಿ ಅಮೆರಿಕಾದಲ್ಲಿ ನೂರಾರು ಸಂಘಟನೆಗಳು ಸೇರಿ ಅದರ ವಿರುದ್ಧ ಅರ್ಜಿ ಹಾಕಿದವು. ಅದು ಬೀಳಲಿಲ್ಲ.

ಬಿದ್ದದ್ದು ಯುರೋಪಿನದ್ದು.

ಆ ವಾಕ್ಯ

ಯುರೋಪಿಯನ್ ಪೇಟೆಂಟ್ ಸಂಖ್ಯೆ 0436257. ಒಡೆಯರು ಅಮೆರಿಕಾದ ಕೃಷಿ ಇಲಾಖೆ ಮತ್ತು ಗ್ರೇಸ್ ಕಂಪನಿ. ಅಮೆರಿಕಾದಲ್ಲಿ ಮೊದಲ ಅರ್ಜಿ 1989ರ ಡಿಸೆಂಬರಿನಲ್ಲಿ, ಯುರೋಪಿನಲ್ಲಿ ಮಂಜೂರಾದದ್ದು 1994ರ ಸೆಪ್ಟೆಂಬರ್ 14ರಂದು. ಮೊದಲ ಕ್ಲೇಮಿನ ಸಾರ ಕನ್ನಡದಲ್ಲಿ ಹೀಗೆ: ಗಿಡದ ಮೇಲಿನ ಶಿಲೀಂಧ್ರ, ಅಂದರೆ ಬೂಷ್ಟು ರೋಗಗಳನ್ನು ಹತೋಟಿ ಮಾಡುವ ವಿಧಾನ, ಅದಕ್ಕೆ ಬಳಸುವ ಮಿಶ್ರಣದಲ್ಲಿ 0.1ರಿಂದ 10 ಶೇಕಡಾ ಬೇವಿನೆಣ್ಣೆ ಇರಬೇಕು, ಆ ಎಣ್ಣೆ ನೀರಿಗೆ ಸೇರದ ದ್ರಾವಕದಿಂದ ತೆಗೆದದ್ದಾಗಿರಬೇಕು ಮತ್ತು ಅದರಲ್ಲಿ ಅಜಾಡಿರಾಕ್ಟಿನ್ ಬಹುತೇಕ ಇರಬಾರದು, ಜೊತೆಗೆ 0.005ರಿಂದ 5 ಶೇಕಡಾ ಎಣ್ಣೆ ನೀರು ಬೆರೆಸುವ ವಸ್ತು, ಉಳಿದದ್ದು ನೀರು.

ನಾನು ಇದನ್ನು ಮೊದಲು ಓದಿದಾಗ "ಅಯ್ಯೋ, ಇದು ಅಜ್ಜಿಯ ಕುಂಬಳದ ಔಷಧಿ ಅಲ್ವಾ!" ಅನ್ನಿಸಿತು. ಎಣ್ಣೆ, ನೀರು, ಬೆರೆಸುವ ವಸ್ತು ಅಂಟುವಾಳ. ಗೆಳೆಯನಿಗೆ ಫೋನ್ ಮಾಡಿದೆ. "ನಿಧಾನ, ಪದ ಪದ ಓದು" ಅಂದ. ಕೆಮಿಸ್ಟ್ರಿ ಓದಿದವನ ಕೆಲಸ ಇಲ್ಲಿ ಗೊತ್ತಾಗುವುದು. ಅಜಾಡಿರಾಕ್ಟಿನ್ ಆಲ್ಕೋಹಾಲಿನಲ್ಲಿ ಕರಗುತ್ತದೆ, ಹೆಕ್ಸೇನಿನಂಥ ದ್ರಾವಕದಲ್ಲಿ ಕರಗುವುದಿಲ್ಲ. ಕಂಪನಿ ಕೀಟನಾಶಕಕ್ಕೆ ಅಜಾಡಿರಾಕ್ಟಿನ್ ಬೇರೆ ತೆಗೆದುಕೊಳ್ಳುತ್ತದೆ. ಇನ್ನೊಂದು ಕಡೆ ಬರೀ ಎಣ್ಣೆ ಉಳಿಯುತ್ತದೆ. ಆ ಎಣ್ಣೆಗೂ ಒಂದು ಗುಣ ಇದೆ, ಅದು ಬೂಷ್ಟು ತಡೆಯುತ್ತದೆ, ಅದು ನಮ್ಮದು ಎನ್ನುವುದೇ ಈ ಪೇಟೆಂಟ್. "ಅಜಾಡಿರಾಕ್ಟಿನ್ ಬಹುತೇಕ ಇರಬಾರದು" ಅನ್ನುವ ಮೂರು ಪದದ ಬೇಲಿ ಹಾಕಿದ ತಕ್ಷಣ ಅಜ್ಜಿಯ ಗಾಣದ ಎಣ್ಣೆ ಹೊರಗಾಯಿತು. ಗಾಣದೆಣ್ಣೆಯಲ್ಲಿ ಅದು ಸ್ವಲ್ಪ ಇದ್ದೇ ಇರುತ್ತದೆ. "ನಾವು ಸಾವಿರಾರು ವರ್ಷದಿಂದ ಬಳಸ್ತಿದ್ದೀವಿ" ಅಂದರೆ, "ಸರಿ, ನೀವು ಬಳಸಿದ್ದು ಬೇರೆ, ನಮ್ಮದು ಬೇರೆ" ಅನ್ನುವುದಕ್ಕೆ ಜಾಗ ಇದೆ.

ಹೀಗಾಗಿ ಬರೀ ಘೋಷಣೆ ಸಾಕಾಗುವುದಿಲ್ಲ. ವಾಕ್ಯಕ್ಕೆ ವಾಕ್ಯದಲ್ಲೇ ಉತ್ತರ ಕೊಡಬೇಕು.

ಮ್ಯೂನಿಕ್

ಯುರೋಪಿನಲ್ಲಿ ಪೇಟೆಂಟ್ ಮಂಜೂರಾದ ಒಂಬತ್ತು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಹಾಕಬಹುದು. 1995ರ ಜೂನಿನಲ್ಲಿ, ಆ ಗಡುವಿನ ಕೊನೆಯಲ್ಲಿ, ಆಕ್ಷೇಪಣೆ ಹಾಕಿದವರು ವಂದನಾ ಶಿವಾ, ಯುರೋಪಿಯನ್ ಸಂಸತ್ತಿನ ಗ್ರೀನ್ ಪಕ್ಷದ ಮಾಗ್ಡಾ ಆಲ್ವೂಟ್, ಮತ್ತು ಸಾವಯವ ಕೃಷಿಕರ ಅಂತಾರಾಷ್ಟ್ರೀಯ ಒಕ್ಕೂಟ. ಅವರ ಪರ ವಾದಿಸಿದವರು ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಬೌದ್ಧಿಕ ಆಸ್ತಿ ಕಾನೂನು ಕಲಿಸುತ್ತಿದ್ದ ಫ್ರಿಟ್ಸ್ ಡೋಲ್ಡರ್.

ವಿಚಾರಣೆ ನಡೆದದ್ದು 2000ದ ಮೇ 9 ಮತ್ತು 10ರಂದು, ಮ್ಯೂನಿಕ್ಕಿನಲ್ಲಿ. ಅಲ್ಲಿ ನಿರ್ಣಾಯಕವಾದದ್ದು ವೇದ, ಶಾಸ್ತ್ರ, ಪರಂಪರೆ ಯಾವುದೂ ಅಲ್ಲ. ಪುಣೆಯ ಅಜಯ್ ಬಯೋಟೆಕ್ ಎಂಬ ಸಂಸ್ಥೆಯ ಅಭಯ್ ಫಡ್ಕೆ ಎಂಬುವರು ಸಾಕ್ಷಿ ಹೇಳಿದರು. 1985 ಮತ್ತು 86ರಲ್ಲಿ, ಅಂದರೆ ಆ ಪೇಟೆಂಟಿನ ಅರ್ಜಿಗೆ ಮೂರು ನಾಲ್ಕು ವರ್ಷ ಮೊದಲೇ, ಇಂಥದ್ದೇ ಬೇವಿನೆಣ್ಣೆಯ ಮಿಶ್ರಣವನ್ನು ಮಹಾರಾಷ್ಟ್ರದ ಪುಣೆ, ಸಾಂಗ್ಲಿ ಕಡೆಯ ರೈತರ ಹೊಲಗಳಲ್ಲಿ ಹೊಡೆದು ನೋಡಿದ್ದೆವು ಅಂತ. ಹೊಲ ಯಾವುದು, ವರ್ಷ ಯಾವುದು, ಎಣ್ಣೆ ಎಂಥದ್ದು, ಯಾರ ಎದುರಿಗೆ... ಎಲ್ಲಕ್ಕೂ ಉತ್ತರ ಇತ್ತು. ಮೇ 10ರಂದು ಪೇಟೆಂಟ್ ರದ್ದಾಯಿತು.

ಒಡೆಯರು ಮೇಲ್ಮನವಿ ಹೋದರು. 2005ರ ಮಾರ್ಚ್ 8ರಂದು ಅದೂ ವಜಾ ಆಯಿತು. ಹೋರಾಟದಲ್ಲಿ ಮುಂದೆ ಇದ್ದ ಮೂವರೂ ಹೆಂಗಸರು: ಶಿವಾ, ಆಲ್ವೂಟ್, ಸಾವಯವ ಒಕ್ಕೂಟದ ಲಿಂಡಾ ಬುಲಾರ್ಡ್. ತೀರ್ಪು ಬಂದ ದಿನ ಮಹಿಳಾ ದಿನ. ನಂಜುಂಡಸ್ವಾಮಿಯವರು ಅದನ್ನು ನೋಡಲಿಲ್ಲ, 2004ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು.

ಹತ್ತು ವರ್ಷ ಎಳೆದರೂ ಇದು ಗೆದ್ದದ್ದು ಯುರೋಪಿನ ಕಾನೂನಿನ ಒಂದು ಗುಣದಿಂದ. ಅಲ್ಲಿ, ಪ್ರಪಂಚದ ಯಾವ ಮೂಲೆಯಲ್ಲಿ ಆಗಲಿ, ಸಾರ್ವಜನಿಕವಾಗಿ ಬಳಸಿದ್ದರೆ ಸಾಕು, ಅದು ಹೊಸದಲ್ಲ. ಬರೆದಿರಬೇಕು ಅಂತಿಲ್ಲ. ಬಾಯಿ ಮಾತಿನ ಸಾಕ್ಷಿ ನಡೆಯುತ್ತದೆ, ಸಾಕ್ಷಿ ಗಟ್ಟಿ ಇರಬೇಕು ಅಷ್ಟೆ.

ಅಮೆರಿಕಾದಲ್ಲಿ ಹಾಗಿರಲಿಲ್ಲ. ಅಲ್ಲಿನ ಹಳೆಯ ಕಾನೂನಿನ ಪ್ರಕಾರ ಅಮೆರಿಕಾದೊಳಗೆ ಬಳಕೆಯಲ್ಲಿದ್ದರೆ ಲೆಕ್ಕಕ್ಕೆ. ಹೊರದೇಶದ್ದಾದರೆ ಅಚ್ಚಾಗಿರಬೇಕು ಅಥವಾ ಪೇಟೆಂಟ್ ಆಗಿರಬೇಕು. ಇಡೀ ಚನ್ನಪಟ್ಟಣ ತಾಲ್ಲೂಕು ಸೇರಿ "ನಾವು ಮಾಡ್ತಿದ್ವಿ" ಅಂತ ಕೂಗಿದರೂ ಅದು ಕಾನೂನಿನ ಕಿವಿಗೆ ಕೇಳುತ್ತಿರಲಿಲ್ಲ! ಅರಿಶಿನದ ಪ್ರಕರಣ ಗೊತ್ತಿರಬೇಕಲ್ಲ? ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತ್ತು (ಸಂಶೋಧಕರು ಇಬ್ಬರೂ ಭಾರತೀಯ ಮೂಲದವರು!). ನಮ್ಮ ಸಿ.ಎಸ್.ಐ.ಆರ್. 1996ರಲ್ಲಿ ಅದನ್ನು ಪ್ರಶ್ನಿಸಿ, 1997ರಲ್ಲಿ ಗೆದ್ದಿತು. ಗೆದ್ದದ್ದು ಹೇಗೆ? ಸಂಸ್ಕೃತ, ಉರ್ದು, ಹಿಂದಿ ಪುಸ್ತಕಗಳಿಂದ ಹಿಡಿದು 1953ರ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ ಲೇಖನದವರೆಗೆ 32 ಬರೆದ ದಾಖಲೆ ಹುಡುಕಿ ಕೊಟ್ಟು. ಕೋಟ್ಯಂತರ ಅಜ್ಜಿಯರ ಅನುಭವಕ್ಕಿಂತ ಆ 32 ಕಾಗದ ಹೆಚ್ಚು ತೂಗಿದವು.

2013ರ ಮಾರ್ಚ್ 16ರಿಂದ ಅಮೆರಿಕಾವೂ ಬದಲಾಗಿದೆ. ಆ ದಿನದಿಂದಾಚೆಯ ಅರ್ಜಿಗಳಿಗೆ ಪ್ರಪಂಚದ ಎಲ್ಲಿನ ಸಾರ್ವಜನಿಕ ಬಳಕೆಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಸಾಬೀತು ಮಾಡಬೇಕಾದವರು ನಾವೇ. ಯಾವಾಗ? ಎಲ್ಲಿ? ಎಷ್ಟು? ಪ್ರಶ್ನೆಗಳು ಅವೇ.

ನಮ್ಮ ಮನೆಯೊಳಗೆ

ನಮ್ಮ ದೇಶ ಸುಮ್ಮನೆ ಕೂತಿಲ್ಲ. ಪರಂಪರೆಯ ಜ್ಞಾನವನ್ನೇ ಹೊಸದು ಅಂತ ತಂದರೆ ಪೇಟೆಂಟ್ ಇಲ್ಲ ಎನ್ನುವ ಕಲಮು, 3(ಪಿ), 2002ರ ತಿದ್ದುಪಡಿಯಲ್ಲಿ ಸೇರಿತು. ಅದೇ ವರ್ಷ ಜೀವವೈವಿಧ್ಯ ಕಾಯ್ದೆ ಬಂತು. ಪೇಟೆಂಟ್ ಕಾಯ್ದೆಯ 25ನೇ ಕಲಮಿನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಾಲಿದೆ. ಸ್ಥಳೀಯ ಸಮುದಾಯದಲ್ಲಿ ಬಾಯಿ ಮಾತಿನಲ್ಲಾದರೂ ಇರುವ ಜ್ಞಾನವನ್ನು ಆಧಾರವಾಗಿಟ್ಟುಕೊಂಡು ಆಕ್ಷೇಪಣೆ ಹಾಕಬಹುದು. ಮಂಜೂರಾಗುವ ಮೊದಲಾದರೆ ಯಾರು ಬೇಕಾದರೂ ಹಾಕಬಹುದು. ಕಾನೂನು ಅಜ್ಜಿಗೆ ಕುರ್ಚಿ ಹಾಕಿ ಕಾಯುತ್ತಿದೆ. ಅಜ್ಜಿಯನ್ನು ಕರೆದುಕೊಂಡು ಹೋಗುವವರು ಬೇಕು.

2001ರಲ್ಲಿ ಶುರುವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಇನ್ನೊಂದು ದೊಡ್ಡ ಕೆಲಸ. ಆಯುರ್ವೇದ, ಯುನಾನಿ, ಸಿದ್ಧ ಪುಸ್ತಕಗಳಲ್ಲಿನ ಔಷಧಿಗಳನ್ನು ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಶ್, ಜಪಾನಿ ಭಾಷೆಗಳಿಗೆ ತಂದು ಪೇಟೆಂಟ್ ಪರೀಕ್ಷಕರಿಗೆ ನೋಡಲು ಕೊಟ್ಟಿದ್ದಾರೆ. ಯುರೋಪಿನ ಕಚೇರಿಗೆ 2009ರಿಂದ ಸಿಗುತ್ತಿದೆ. ನಾಲ್ಕು ಲಕ್ಷಕ್ಕೂ ಹೆಚ್ಚು ಔಷಧಿಗಳ ವಿವರ ಇದೆಯಂತೆ. ಮೂಲ ಪುಸ್ತಕಗಳು ಯಾವ ಭಾಷೆಯವು ಅಂತ ನೋಡಿದರೆ ಪ್ರಧಾನವಾಗಿ ಹೆಸರಿಸುವುದು ಸಂಸ್ಕೃತ, ಹಿಂದಿ, ಅರೇಬಿಕ್, ಪರ್ಷಿಯನ್, ಉರ್ದು, ತಮಿಳು. ಆ ಸಾಲಿನಲ್ಲಿ ಕನ್ನಡ ಇಲ್ಲ. ಸ್ವಲ್ಪ ಹೊಟ್ಟೆ ಉರಿಯಿತು ನಿಜ.

ಕನ್ನಡದಲ್ಲಿ ಇಂಥದ್ದು ಬರೆದೇ ಇಲ್ಲವಾ? ಇದೆ. ಎರಡನೇ ಚಾವುಂಡರಾಯನ "ಲೋಕೋಪಕಾರ" ಸುಮಾರು 1025ರದ್ದು. ಗಿಡಗಳ ಆರೈಕೆ, ನೀರಿನ ಸೆಲೆ ಹುಡುಕುವುದು, ದನಕರುಗಳ ಚಿಕಿತ್ಸೆ, ಅಡುಗೆ, ಸುಗಂಧ ಎಲ್ಲ ಅದರಲ್ಲಿದೆ. ಅದು ಇಂಗ್ಲಿಷಿಗೆ ಬಂದದ್ದು 2006ರಲ್ಲಿ. ವಿಷವೈದ್ಯಕ್ಕೆ ಮಂಗರಾಜನ "ಖಗೇಂದ್ರ ಮಣಿದರ್ಪಣ" ಇದೆ. ದನಗಳ ಚಿಕಿತ್ಸೆಗೆ ಕೀರ್ತಿವರ್ಮನ "ಗೋವೈದ್ಯ" ಇದೆ. ಸಾವಿರ ವರ್ಷದ ಹಿಂದೆಯೇ ಇಂಥ ವಿಷಯ ಕನ್ನಡದಲ್ಲಿ ಬರೆದವರಿದ್ದರು. ಬಿಟ್ಟದ್ದು ನಾವು.

ಕೊನೆಗೆ, ನಿಮಗೊಂದು ಮಾತು

ಗೆಳೆಯ ಹೇಳಿದ ಇನ್ನೊಂದು ವಿಷಯಕ್ಕಾಗಿಯೇ ನಾನು ಇಷ್ಟು ಬರೆದದ್ದು. ಪೇಟೆಂಟ್ ಪರೀಕ್ಷಕ "ಇದು ಮೊದಲೇ ಇತ್ತಾ" ಅಂತ ಹುಡುಕುವಾಗ ಬರೀ ದೊಡ್ಡ ಪತ್ರಿಕೆ, ಪುಸ್ತಕ ಅಂತ ನೋಡುವುದಿಲ್ಲ. ಯಾರು ಬೇಕಾದರೂ ಓದಬಹುದಾದ, ತಾರೀಕು ಖಚಿತವಾಗಿರುವ ಯಾವ ಪ್ರಕಟಣೆಯಾದರೂ ಲೆಕ್ಕಕ್ಕೆ ಬರುತ್ತದೆ. ಭಾಷೆ ಯಾವುದಾದರೂ ಸರಿ. ಅಂದರೆ ನಾನು ನೀವು ಬಿಟ್ಟಿ ಜಾಗದಲ್ಲಿ ಬರೆಯುವ ಈ ಬ್ಲಾಗುಗಳೂ! ಯುನಿಕೋಡಿನಲ್ಲಿ ಬರೆದದ್ದರಿಂದ ಹುಡುಕಿದರೆ ಸಿಗುತ್ತವೆ ಕೂಡ. ನಮ್ಮ ಬರಹವನ್ನು ಹತ್ತು ಜನ ಓದಿದರೆ ಹೆಚ್ಚು ಅಂತ ಬೇಜಾರು ಮಾಡಿಕೊಳ್ಳುತ್ತೇವಲ್ಲ, ಹನ್ನೊಂದನೆಯವನು ಮುಂದೊಂದು ದಿನ ಮ್ಯೂನಿಕ್ಕಿನ ಪರೀಕ್ಷಕ ಆಗಿರಬಹುದು :-)

ಒಂದು ಎಚ್ಚರಿಕೆಯನ್ನೂ ಅವನು ಹೇಳಿದ. ಪ್ರಕಟಿಸಿದ ಮೇಲೆ ಅದು ಎಲ್ಲರದ್ದಾಗುತ್ತದೆ. ನೀವೇ ಹೊಸದಾಗಿ ಏನಾದರೂ ಕಂಡುಹಿಡಿದು ಪೇಟೆಂಟ್ ಮಾಡಿಸಬೇಕು ಅಂತಿದ್ದರೆ ಮೊದಲು ಅರ್ಜಿ ಹಾಕಿ, ಆಮೇಲೆ ಬರೆಯಿರಿ. ಒಂದು ಮನೆತನದವರು, ಒಂದು ಸಮುದಾಯದವರು ಗುಟ್ಟಾಗಿ ಕಾಪಾಡಿಕೊಂಡು ಬಂದ ಔಷಧಿಯನ್ನು ಅವರನ್ನು ಕೇಳದೆ ಬರೆಯುವುದೂ ಸರಿಯಲ್ಲ. ಆದರೆ ಊರಿಗೆಲ್ಲ ಗೊತ್ತಿರುವ, ಯಾರೂ ಬರೆಯದ ಸಂಗತಿಗಳು ಬೇಕಾದಷ್ಟಿವೆ.

ಬರೆಯುವಾಗ ಸುಮ್ಮನೆ "ನಮ್ಮಜ್ಜಿ ಬೇವು ಬಳಸುತ್ತಿದ್ದರು" ಅಂತ ಬರೆದರೆ ಸಾಲದು. ಯಾವ ಭಾಗ, ಎಷ್ಟು ಅಳತೆ, ಎಷ್ಟು ಹೊತ್ತು, ಏನು ಬೆರೆಸಿದರು, ಯಾವ ಗಿಡಕ್ಕೆ, ಯಾವ ರೋಗಕ್ಕೆ, ಯಾವ ಊರು, ಸುಮಾರು ಯಾವ ವರ್ಷ... ಇಷ್ಟು ಬೇಕು. ನಾನು ಈಗ ಅಜ್ಜಿಯ ಕುಂಬಳದ ಔಷಧಿ ಬರೆಯಲು ಹೊರಟರೆ ಅರ್ಧದಲ್ಲೇ ನಿಲ್ಲುತ್ತೇನೆ. ಒಂದು ಬಿಂದಿಗೆ ನೀರಿಗೆ ಎಣ್ಣೆ ಎಷ್ಟು ಹಾಕುತ್ತಿದ್ದರು? ಅಮ್ಮನನ್ನು ಕೇಳಿದೆ. "ಒಂದ್ ವಳ್ಳೆ ಇರ್ಬೇಕು" ಅಂದರು. ದೊಡ್ಡಮ್ಮ "ಎರಡು" ಅಂದರು. ಅಂಟುವಾಳ ಎಷ್ಟು ಅನ್ನುವುದು ಇಬ್ಬರಿಗೂ ನೆನಪಿಲ್ಲ. ಅಜ್ಜಿ ಇದ್ದಾಗ ಹತ್ತು ನಿಮಿಷ ಕೂತು ಕೇಳಿದ್ದರೆ ಮುಗಿಯುತ್ತಿತ್ತು. ಆಗ ನಾನು ಕೋಡಿಂಗ್ ಕಲಿಯುವುದರಲ್ಲಿ ಬ್ಯುಸಿ.

ಒಂದು ಸಂಗತಿ ಮಾತ್ರ ನನಗೆ ಖಚಿತವಾಗಿ ಗೊತ್ತು. ಅದನ್ನು ಇಲ್ಲಿ, ಈ ಪೋಸ್ಟಿನ ತಾರೀಕಿನ ಕೆಳಗೆ, ಬರೆದಿಡುತ್ತಿದ್ದೇನೆ. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಲ್ಲಿ, 2005ರ ಆಸುಪಾಸಿನಲ್ಲಿ, ರಾತ್ರಿಯಿಡೀ ನೆನೆಸಿ ಹಿಂಡಿದ ಬೇವಿನ ಬೀಜದ ನೀರಿಗೆ ಅಂಟುವಾಳದ ನೊರೆ ಬೆರೆಸಿ ಬದನೆಗೆ, ಅವರೆಗೆ ಎರಚುತ್ತಿದ್ದರು. ಆ ನೀರು ತಾಗಿದ ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆ ಹುಳ ಮೇಯುವುದಿಲ್ಲ ಎನ್ನುವುದು ಶಾಲೆಯ ಮುಖ ನೋಡದ ಒಬ್ಬ ಹೆಂಗಸಿಗೆ ಗೊತ್ತಿತ್ತು. ನನ್ನ ಬೆನ್ನೇ ಸಾಕ್ಷಿ.

ನಿಮ್ಮ ಮನೆಯಲ್ಲಿ ಅಜ್ಜಿ ಇನ್ನೂ ಇದ್ದರೆ, ಈ ಭಾನುವಾರ ಒಂದು ಫೋನ್ ಮಾಡಿ. ಅಳತೆ ಕೇಳುವುದನ್ನು ಮರೆಯಬೇಡಿ.